ಮುಂದಿನ ಸಾಲಿನ ಬೊಕ್ಕತಲೆ

ಬೆಂಗಳೂರಿನಲ್ಲಿ ಈಗ ಹಾಸ್ಯನಾಟಕ ಆಡುವವರಿಗೂ ನೋಡುವವರಿಗೂ ಹೆಚ್ಚಿನ ವ್ಯತ್ಯಾಸ ಉಳಿದಿಲ್ಲ. ನೋಡುವವರು ದುಡ್ಡು ಕೊಟ್ಟು ಒಳಗೆ ಬಂದಿರುತ್ತಾರೆ, ಅಷ್ಟೆ. ವಾರಾಂತ್ಯದ ಸಂಜೆಗಳಲ್ಲಿ ಕೆಫೆಗಳ ಮಹಡಿಯ ಮೇಲೂ ಸಣ್ಣ ಸಭಾಂಗಣಗಳಲ್ಲೂ ನಡೆಯುವ ‘ಇಂಟರ್‌ಯಾಕ್ಟಿವ್ ಕಾಮಿಡಿ’ ಪ್ರದರ್ಶನಗಳಿಗೆ ಲೇಖಕ ಬೇಕಿಲ್ಲ, ರಂಗಸಜ್ಜಿಕೆಗೆ ಎರಡು ಕುರ್ಚಿ ಸಾಕು, ಉಳಿದ ಸಾಮಗ್ರಿಯನ್ನೆಲ್ಲ ಸಭಿಕರೇ ಒದಗಿಸಬೇಕು. ಒಂದು ಸ್ಥಳ ಹೇಳಿ ಎಂದು ನಿರೂಪಕ ಕೇಳಿದರೆ ಸಭೆ ‘ಸಿಲ್ಕ್ ಬೋರ್ಡ್’ ಎನ್ನುತ್ತದೆ. ಒಂದು ಸಂಬಂಧ ಹೇಳಿ ಎಂದರೆ ‘ಅತ್ತೆ-ಸೊಸೆ’ ಎನ್ನುತ್ತದೆ. ಒಂದು ವಸ್ತು ಹೇಳಿ ಎಂದರೆ ಹಿಂದಿನ ಸಾಲಿನ ಕಾಲೇಜು ಹುಡುಗನೊಬ್ಬ ‘ಕಮೋಡ್’ ಎಂದು ಕೂಗಿ ಗೆಳೆಯರಿಂದ ಬೆನ್ನು ತಟ್ಟಿಸಿಕೊಳ್ಳುತ್ತಾನೆ. ಸಿಲ್ಕ್ ಬೋರ್ಡಿನ ದಟ್ಟಣೆಯಲ್ಲಿ ಅತ್ತೆ, ಸೊಸೆ ಮತ್ತು ಕಮೋಡು ಸಿಕ್ಕಿಹಾಕಿಕೊಂಡ ಪ್ರಸಂಗವು ಮುಂದಿನ ಐದು ನಿಮಿಷ ನಡೆಯುತ್ತದೆ, ಮರುವಾರವೂ ನಡೆಯುತ್ತದೆ, ಪ್ರತಿ ಸಲವೂ ಅದನ್ನು ‘ನಿಮ್ಮ ಮುಂದೆಯೇ ಮೊಟ್ಟಮೊದಲ ಬಾರಿಗೆ’ ಎಂದು ಘೋಷಿಸಲಾಗುತ್ತದೆ.

ಟಿಕೆಟಿನ ದರ ಹಲವೆಡೆ 499 ರೂಪಾಯಿ ಇರುವುದು ಚಪ್ಪಲಿ ಅಂಗಡಿಯ ಲೆಕ್ಕಾಚಾರದಿಂದ ಮಾತ್ರವಲ್ಲ. ನಾಟಕ, ನೃತ್ಯ, ಸಂಗೀತ ಪ್ರದರ್ಶನಗಳ ಪ್ರವೇಶಧನ ತಲೆಗೆ 500 ರೂಪಾಯಿ ಮೀರದಿದ್ದರೆ ಅದಕ್ಕೆ ಜಿಎಸ್‌ಟಿ ಇಲ್ಲ. ಹೀಗೆ ಉಳಿದ ತೆರಿಗೆಯನ್ನು ನೋಡಿ ಹಿಗ್ಗುವಷ್ಟರಲ್ಲಿ ಟಿಕೆಟ್ ಮಾರುವ ಆ್ಯಪ್‌ನವರು ‘ಕನ್ವೀನಿಯೆನ್ಸ್ ಫೀ’ ಎಂಬುದೊಂದನ್ನು ಸೇರಿಸಿ, ಅದರ ಮೇಲೆ ಜಿಎಸ್‌ಟಿ ಹಾಕುತ್ತಾರೆ. ನಮ್ಮ ಮೊಬೈಲಿನಲ್ಲಿ, ನಮ್ಮ ಬೆರಳಿನಿಂದ, ನಮ್ಮದೇ ಡೇಟಾ ಖರ್ಚು ಮಾಡಿ ಟಿಕೆಟ್ ಕಾಯ್ದಿರಿಸಿದ್ದರಲ್ಲಿ ಅನುಕೂಲವಾದದ್ದು ಯಾರಿಗೆಂದು ಆ ಕಂಪನಿಗಳು ಈವರೆಗೆ ಸ್ಪಷ್ಟಪಡಿಸಿಲ್ಲ. ಪ್ರೇಕ್ಷಕನ ಸಹಭಾಗಿತ್ವ ಅಲ್ಲಿಂದಲೇ ಶುರುವಾಗುತ್ತದೆ ಎಂದುಕೊಂಡರೆ ಸಮಾಧಾನ.

ಬಾಗಿಲಿನಲ್ಲಿ ಎರಡು ಸೂಚನೆಗಳಿರುತ್ತವೆ. ಕಲಾವಿದರ ಹಕ್ಕುಗಳನ್ನು ಗೌರವಿಸಿ ಯಾರೂ ಚಿತ್ರೀಕರಣ ಮಾಡಕೂಡದು, ಮೊಬೈಲನ್ನು ಚೀಲದಲ್ಲಿ ಹಾಕಿ ಮುಚ್ಚಿಡಬೇಕು ಎನ್ನುವುದು ಮೊದಲನೆಯದು. ಒಳಗೆ ಪ್ರವೇಶಿಸಿದವರು ತಮ್ಮನ್ನು ಚಿತ್ರೀಕರಿಸಿ ಎಲ್ಲಿ ಬೇಕಾದರೂ ಪ್ರಸಾರ ಮಾಡಲು ಒಪ್ಪಿದ್ದಾರೆಂದು ಭಾವಿಸಲಾಗುವುದು ಎನ್ನುವುದು, ಸಣ್ಣ ಅಕ್ಷರದಲ್ಲಿರುವ ಎರಡನೆಯದು. ಎರಡನ್ನೂ ಒಟ್ಟಿಗೆ ಓದಿದರೆ ಯಾರು ಕಲಾವಿದರು ಎಂಬ ಗೊಂದಲ ಹುಟ್ಟುವುದು ಸಹಜ, ಆದರೆ ಕತ್ತಲಿನಲ್ಲಿ ಯಾರೂ ಎರಡನ್ನೂ ಓದುವುದಿಲ್ಲ.

ಒಳಗೆ ಹೋದರೆ ಮುಂದಿನ ಸಾಲು ಖಾಲಿ. ಸರ್ಕಾರಿ ಸಮಾರಂಭಗಳಲ್ಲಿ ಗಣ್ಯರಿಗೆಂದು ಮೀಸಲಿಟ್ಟ ಮುಂದಿನ ಸೋಫಾಗಳು ಗಣ್ಯರು ಬಾರದ ಕಾರಣ ಖಾಲಿಯಿದ್ದರೆ, ಇಲ್ಲಿ ಸಾಮಾನ್ಯರು ಪ್ರಾಣಭಯದಿಂದ ಅದನ್ನು ಬಿಟ್ಟುಕೊಟ್ಟಿರುತ್ತಾರೆ. ಅನುಭವಿಗಳು ಕಂಬದ ಮರೆ, ಸ್ಪೀಕರಿನ ಹಿಂಬದಿ, ಎತ್ತರದ ಮನುಷ್ಯನ ಬೆನ್ನ ಹಿಂದೆ ಎಂಬ ಕ್ರಮದಲ್ಲಿ ಜಾಗ ಹಿಡಿಯುತ್ತಾರೆ. ಸ್ವಯಂಸೇವಕರು ‘ಮುಂದೆ ಬನ್ನಿ ಸರ್, ಮುಂದೆ ಬನ್ನಿ ಮೇಡಂ’ ಎಂದು ಕೈಹಿಡಿದು ಕರೆದೊಯ್ಯುವುದು ಬೆಂಗಳೂರಿಗೆ ಹೊಸಬರನ್ನು, ತಡವಾಗಿ ಬಂದವರನ್ನು ಮತ್ತು ಮಗಳು ಟಿಕೆಟ್ ತೆಗೆಸಿಕೊಟ್ಟಳೆಂದು ಬಂದ ಅಪ್ಪಂದಿರನ್ನು.

ಅಂಥ ಅಪ್ಪನೊಬ್ಬನನ್ನು ಇತ್ತೀಚೆಗೆ ಹತ್ತಿರದಿಂದ ನೋಡುವ ಅವಕಾಶ ಸಿಕ್ಕಿತು. ಅರವತ್ತು ದಾಟಿದ ವಯಸ್ಸು, ಇಸ್ತ್ರಿ ಮಾಡಿದ ಅರ್ಧತೋಳಿನ ಅಂಗಿ, ಜೇಬಿನಲ್ಲಿ ಪೆನ್ನು, ರಂಗದ ಬೆಳಕು ಬಿದ್ದರೆ ಹೊಳೆಯುವ ಬೊಕ್ಕತಲೆ. ನಿರೂಪಕ ಆ ತಲೆಯನ್ನು ಕಂಡಕೂಡಲೇ ಲೈಟಿನವನಿಗೆ ‘ನೀನು ರಜಾ ತಗೋ ಗುರು, ಸರ್ ಬಂದಿದ್ದಾರೆ’ ಎಂದ, ಸಭೆ ನಕ್ಕಿತು. ಆಮೇಲೆ ಪ್ರಶ್ನಾವಳಿ ಶುರುವಾಯಿತು. ಎಲ್ಲಿಂದ ಬಂದಿದ್ದೀರಿ, ಏನು ಕೆಲಸ, ಮಕ್ಕಳೆಷ್ಟು, ಮಗಳಿಗೆ ಮದುವೆ ಆಯಿತೇ? ಮದುವೆಮನೆಯ ಪಂಕ್ತಿಯಲ್ಲಿ ದೂರದ ಅತ್ತೆಯರು ಇದನ್ನೇ ಕೇಳಿದಾಗ ತರುಣರು ಖಾಸಗಿತನದ ಉಲ್ಲಂಘನೆಯೆಂದು ಸಿಡಿಮಿಡಿಗೊಳ್ಳುತ್ತಾರೆ; ಮೈಕು ಹಿಡಿದವನು ಕೇಳಿದರೆ ಅದು ‘ಕ್ರೌಡ್ ವರ್ಕ್’ ಎಂಬ ಕಲಾಪ್ರಕಾರವಾಗುತ್ತದೆ. ಹಿರಿಯರು ತಾವು ಬ್ಯಾಂಕಿನಿಂದ ನಿವೃತ್ತರು ಎಂದರು. ‘ಓಹೋ, ಹಾಗಾದರೆ ಲಂಚ್ ಟೈಮ್ ಮುಗೀತಾ ಸರ್?’ ಎಂದ ನಿರೂಪಕ. ಮತ್ತೆ ನಗು. ಹಿರಿಯರು ಕನ್ನಡಕ ಸರಿಪಡಿಸಿಕೊಂಡು ಬಹಳ ನಿಧಾನವಾಗಿ, ‘ನಮ್ಮದು ಮುಗೀತಪ್ಪ. ನಾನು ಬಂದು ಮುಕ್ಕಾಲು ಗಂಟೆ ಆಯ್ತು, ನಿನ್ನ ಕೌಂಟರೇ ಇನ್ನೂ ತೆರೆದಿಲ್ಲ’ ಎಂದರು.

ಆ ಸಂಜೆಯ ಅತಿ ದೊಡ್ಡ ನಗು ಅದೇ. ನಿರೂಪಕ ಚತುರ, ಎರಡೂ ಕೈ ಅಗಲಿಸಿ, ತಲೆಬಾಗಿ, ಚಪ್ಪಾಳೆಯನ್ನು ತಾನೇ ಸ್ವೀಕರಿಸಿದ. ಬಳಿಕ ಹಿರಿಯರನ್ನು ರಂಗದ ಮೇಲೆ ಕರೆದು ತೆಂಗಿನಮರವಾಗಿ ನಿಲ್ಲಿಸಲಾಯಿತು. ಬೇಡವೆಂದರೆ ‘ಸ್ಪೋರ್ಟಿವ್ ಆಗಿ ತಗೊಳ್ಳಿ ಸರ್’ ಎಂಬ ಸಾಮೂಹಿಕ ಆಗ್ರಹವನ್ನು ಎದುರಿಸಬೇಕಾಗುತ್ತದೆ. ಎದುರಿನ ನಟ ಏನೇ ಹೇಳಿದರೂ ಒಪ್ಪಿಕೊಂಡು ಮುಂದುವರಿಸಬೇಕೆಂಬ ನಿಯಮ ಈ ಆಶು ರಂಗಭೂಮಿಯಲ್ಲಿ ನಟರಿಗಿದೆ. ನಮ್ಮಲ್ಲಿ ಅದನ್ನು ಟಿಕೆಟ್ ಕೊಂಡವರಿಗೆ ವರ್ಗಾಯಿಸಲಾಗಿದೆ. ಷಿಕಾಗೋದಲ್ಲಿ 1959ರಲ್ಲಿ ಆರಂಭವಾದ ಸೆಕೆಂಡ್ ಸಿಟಿಯಂಥ ರಂಗತಂಡಗಳು ಸಭಿಕರಿಂದ ಸೂಚನೆ ಪಡೆದು ದೃಶ್ಯ ಕಟ್ಟುವ ಪದ್ಧತಿಯನ್ನು ವರ್ಷಗಟ್ಟಲೆ ಅಭ್ಯಾಸದಿಂದ ಬೆಳೆಸಿದವು. ನಾವು ಅವರಿಂದ ಸೂಚನೆ ಪಡೆಯುವ ಭಾಗವನ್ನು ಮಾತ್ರ ಆಮದು ಮಾಡಿಕೊಂಡೆವು.

ಕನ್ನಡದ ಪ್ರೇಕ್ಷಕ ಹಿಂದೆ ಬಾಯಿ ಮುಚ್ಚಿಕೊಂಡು ಕೂತಿದ್ದನೆಂದೇನೂ ಅಲ್ಲ. ಕಂಪನಿ ನಾಟಕಗಳ ಕಾಲದಲ್ಲಿ ಆತ ‘ಒನ್ಸ್ ಮೋರ್’ ಎಂದು ಕೂಗಿದರೆ, ಸತ್ತು ಬಿದ್ದಿದ್ದ ಪಾತ್ರಧಾರಿಯೂ ಎದ್ದು ಹಾರ್ಮೋನಿಯಂ ಶ್ರುತಿಗೆ ಹಾಡನ್ನು ಇನ್ನೊಮ್ಮೆ ಹಾಡಿ ಮತ್ತೆ ಸಾಯುತ್ತಿದ್ದ. ಹರಿಕಥೆಯ ದಾಸರು ನಡುನಡುವೆ ‘ಗೋವಿಂದ’ ಹೇಳಿಸುತ್ತಿದ್ದರು, ಮುಖ್ಯವಾಗಿ ನಿದ್ದೆ ಹೋದವರನ್ನು ಎಬ್ಬಿಸುವುದಕ್ಕೆ. ತಾಳಮದ್ದಳೆಯ ಅರ್ಥಧಾರಿಯದು ಅಪ್ಪಟ ಆಶುಭಾಷಣ. ಆದರೂ ಆತ ಸಭೆಯತ್ತ ತಿರುಗಿ ‘ಕರ್ಣ ಈಗ ಏನು ಹೇಳಬೇಕು, ಜೋರಾಗಿ ಕೂಗಿ’ ಎಂದು ಕೇಳಿದ್ದನ್ನು ನಾನಂತೂ ಕಂಡಿಲ್ಲ. ಬ್ರೆಜಿಲ್‌ನ ರಂಗನಿರ್ದೇಶಕ ಅಗಸ್ಟೋ ಬೋಆಲ್ ಎಪ್ಪತ್ತರ ದಶಕದಲ್ಲಿ ಪ್ರೇಕ್ಷಕನಿಗೆ ನಾಟಕವನ್ನು ನಿಲ್ಲಿಸಿ, ನಟನನ್ನು ಪಕ್ಕಕ್ಕೆ ಸರಿಸಿ, ತಾನೇ ರಂಗಕ್ಕೇರುವ ಅಧಿಕಾರ ಕೊಟ್ಟರು. ದಬ್ಬಾಳಿಕೆಯನ್ನು ಎದುರಿಸುವ ಬಗೆಯನ್ನು ಜನ ರಂಗದ ಮೇಲೆ ಅಭ್ಯಾಸ ಮಾಡಲಿ ಎಂಬುದು ಅವರ ಉದ್ದೇಶವಾಗಿತ್ತು. ಬ್ರೆಜಿಲ್‌ನ ಸೈನಿಕ ಸರ್ಕಾರ 1971ರಲ್ಲಿ ಅವರನ್ನು ಬಂಧಿಸಿತು. ತೆಂಗಿನಮರವಾಗಿ ನಿಂತವರನ್ನಾಗಲಿ ನಿಲ್ಲಿಸಿದವರನ್ನಾಗಲಿ ಯಾವ ಸರ್ಕಾರವೂ ಬಂಧಿಸುವುದಿಲ್ಲ.

ಇಡೀ ವ್ಯವಹಾರದ ಜಾಣತನ ಇರುವುದು ಇಲ್ಲಿಯೇ. ಮಾಸ್ಟರ್ ಹಿರಣ್ಣಯ್ಯನವರು ‘ಲಂಚಾವತಾರ’ದ ಮಾತುಗಳನ್ನು ಆಯಾ ಕಾಲದ ರಾಜಕೀಯಕ್ಕೆ ತಕ್ಕಂತೆ ಬದಲಿಸುತ್ತ, ಅಧಿಕಾರದಲ್ಲಿದ್ದವರನ್ನೇ ರಂಗದ ಮೇಲಿನಿಂದ ಝಾಡಿಸುತ್ತಿದ್ದರು. ಈಗ ಅದು ದುಬಾರಿ ಕಸುಬು. ಹಾಸ್ಯಗಾರ ಮುನವ್ವರ್ ಫಾರೂಖಿ ಅವರ ಬೆಂಗಳೂರು ಪ್ರದರ್ಶನ 2021ರ ನವೆಂಬರಿನಲ್ಲಿ ಶಾಂತಿ-ಸುವ್ಯವಸ್ಥೆಯ ಹೆಸರಿನಲ್ಲಿ ರದ್ದಾಯಿತು. ಕುನಾಲ್ ಕಾಮ್ರಾ ಅವರ ಹಾಸ್ಯಕ್ಕೆ 2025ರ ಮಾರ್ಚಿನಲ್ಲಿ ಮುಂಬೈಯ ಸಭಾಂಗಣವೊಂದರ ಪೀಠೋಪಕರಣಗಳು ಪುಡಿಯಾದವು. ಮಂತ್ರಿಯ ಬಗ್ಗೆ ನಕ್ಕರೆ ಕುರ್ಚಿ ಮುರಿಯುತ್ತದೆ, ಜಾತಿ-ಧರ್ಮದ ಬಗ್ಗೆ ನಕ್ಕರೆ ಎಫ್‌ಐಆರ್ ಆಗುತ್ತದೆ, ಚಿತ್ರನಟರ ಬಗ್ಗೆ ನಕ್ಕರೆ ಅಭಿಮಾನಿಗಳು ಮನೆ ಹುಡುಕಿಕೊಂಡು ಬರುತ್ತಾರೆ. ಹೀಗೆ ಎಲ್ಲರನ್ನೂ ಕಳೆದ ಮೇಲೆ ಲೇವಡಿಗೆ ಉಳಿಯುವ ಏಕೈಕ ಭಾರತೀಯ ಪ್ರಜೆಯೆಂದರೆ ಮುಂದಿನ ಸಾಲಿನಲ್ಲಿ ಕೂತ, ಸಂಘಟನೆಯಿಲ್ಲದ, ಭಾವನೆಗಳಿಗೆ ಧಕ್ಕೆಯಾದರೂ ದೂರು ಕೊಡದ, ಟಿಕೆಟ್ ಕೊಂಡ ಬೊಕ್ಕತಲೆಯ ಮನುಷ್ಯ. ಆತನ ಪರವಾಗಿ ಯಾವ ಸೇನೆಯೂ ಬರುವುದಿಲ್ಲ. ಜೊತೆಗೆ ಇನ್ನೊಂದು ಲಾಭವಿದೆ. ಬರೆದು ಕಲಿತ ಜೋಕನ್ನು ಜಾಲತಾಣದಲ್ಲಿ ಹಾಕಿಬಿಟ್ಟರೆ ಮುಂದಿನ ಊರಿನಲ್ಲಿ ಅದಕ್ಕೆ ಯಾರೂ ನಗುವುದಿಲ್ಲ. ಸಭಿಕರೊಂದಿಗಿನ ಮಾತುಕತೆಯನ್ನು ಎಷ್ಟು ರೀಲ್ಸ್ ಮಾಡಿ ಹಂಚಿದರೂ ಸರಕು ಖರ್ಚಾಗುವುದಿಲ್ಲ, ಏಕೆಂದರೆ ಸರಕು ಹಾಸ್ಯಗಾರರದಲ್ಲ. ಬ್ಯಾಂಕಿನ ಕೌಂಟರಿನ ಮಾತು ಕೂಡ ರೀಲ್ ಆಗಿ ಓಡಾಡುತ್ತಿದೆಯೆಂದು ಕೇಳಿದ್ದೇನೆ. ಹಿರಿಯರ ಹೆಸರು ಅದರಲ್ಲಿ ಇಲ್ಲವಂತೆ.

ಆದ್ದರಿಂದ ದರಪಟ್ಟಿಯನ್ನು ಪರಿಷ್ಕರಿಸಬೇಕೆಂದು ಸಂಘಟಕರಲ್ಲಿ ನನ್ನ ವಿನಂತಿ. ಮುಂದಿನ ಎರಡು ಸಾಲಿನವರು ದುಡಿಯುವವರಾದ್ದರಿಂದ ಅವರಿಗೆ ಪ್ರವೇಶ ಉಚಿತವಿರಲಿ. ಬಸ್ ಚಾರ್ಜು, ಕಾಫಿ, ಮರದ ಪಾತ್ರಕ್ಕೆ ಸಣ್ಣದೊಂದು ಭತ್ಯೆಯೂ ಸಿಗಲಿ. ನಡುವಿನ ಸಾಲಿನವರಿಗೆ, ಕರೆದರೂ ಕರೆಯಬಹುದೆಂಬ ಆತಂಕವಿರುವುದರಿಂದ, ಅರ್ಧ ದರ ಸಾಕು. ಹೆಸರು ಕೇಳದ, ಬೆಳಕು ಬೀಳದ, ಮದುವೆಯ ವಿಚಾರಣೆ ತಲುಪದ ಕಂಬದ ಮರೆಯ ಸೀಟುಗಳಿಗೆ ಮಾತ್ರ ಸಾವಿರ ರೂಪಾಯಿಯ ‘ಮೌನ ಶುಲ್ಕ’ ವಿಧಿಸಬಹುದು. ಐನೂರರ ಗಡಿ ದಾಟುವುದರಿಂದ ಅದಕ್ಕೆ ಜಿಎಸ್‌ಟಿ ಬೀಳುತ್ತದೆ ನಿಜ, ಆದರೆ ಸುಮ್ಮನೆ ಕೂತು ನೋಡುವವರಿಂದ ಸರ್ಕಾರಕ್ಕೆ ಆಗುತ್ತಿರುವ ಉಪಕಾರಕ್ಕೆ ಹೋಲಿಸಿದರೆ ಆ ತೆರಿಗೆ ಚಿಲ್ಲರೆ ಕಾಸು.