ಪದಕ ಬೇಡ, ತಂಬೂರಿ ಇರಲಿ

ಹೋದ ತಿಂಗಳು ಉಯಿಲಿನ ಕರಡು ಬರೆಸಿದೆ. ಮನೆ ಮಗಳಿಗೆ. ಬ್ಯಾಂಕ್ ಠೇವಣಿಯಲ್ಲಿ 10 ಲಕ್ಷ ರೂಪಾಯಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಸಂಗೀತ ಕಾಲೇಜಿಗೆ. ಮಗಳಿಗೆ ಮೊದಲೇ ಹೇಳಿದೆ. "ಅಪ್ಪಾ, ನಿಮ್ಮ ರೊಕ್ಕ, ನಿಮಗ ತಿಳಿದಂಗ ಮಾಡ್ರಿ. ಆದ್ರ ನನಗೊಂದು ಕಾಪಿ ಕೊಡ್ರಿ, ನಾಳೆ ಓಡಾಡಾಕಿ ನಾನ" ಅಂದಳು. ಸರಿಯಾದ ಮಾತು. ಹಿಂದುಸ್ತಾನಿ ಗಾಯಕಿ ಗಂಗೂಬಾಯಿ ಹಾನಗಲ್ 2009ರ ಜುಲೈನಲ್ಲಿ ತೀರಿಕೊಂಡಾಗ ಅವರ ಕಣ್ಣುಗಳು ದಾನವಾದವು. ಕಣ್ಣಾಗಲಿ ಹಣವಾಗಲಿ, ನಮ್ಮ ಮನಸ್ಸಿನಲ್ಲಿ ಇರುವುದು ಮನೆಯವರಿಗೆ ಗೊತ್ತಿರಬೇಕು.

ನನಗೆ ಹಾಡಲು ಬರುವುದಿಲ್ಲ. ಯಾವ ವಾದ್ಯವನ್ನೂ ಕಲಿತವನಲ್ಲ. ನಾನು ಕೇಳುವವನು. ಚಿಕ್ಕಂದಿನಲ್ಲಿ ನಮ್ಮ ಮನೆಯಲ್ಲಿ ರೇಡಿಯೊ ಇರಲಿಲ್ಲ. ಪಕ್ಕದ ಮನೆಯ ಕಟ್ಟೆ ಮೇಲೆ ಕುಳಿತು ಧಾರವಾಡ ಆಕಾಶವಾಣಿ ಕೇಳುತ್ತಿದ್ದೆ. ಮಲ್ಲಿಕಾರ್ಜುನ ಮನ್ಸೂರರ ದನಿ ಬಂದರೆ ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ. ಅವರು ಹಾಡುತ್ತಿದ್ದ ಅಪರೂಪದ ರಾಗಗಳ ಹೆಸರು ತಿಳಿಯಲು ಎಷ್ಟೋ ವರ್ಷ ಬೇಕಾಯಿತು. ಆಮೇಲೆ ಅವರನ್ನು, ಗಂಗೂಬಾಯಿಯವರನ್ನು, ಬಸವರಾಜ ರಾಜಗುರು ಅವರನ್ನು ಎದುರಿಗೇ ಕುಳಿತು ಕೇಳಿದೆ. ಬಹಳ ಸಲ ಟಿಕೆಟ್ಟೇ ಇರುತ್ತಿರಲಿಲ್ಲ. ಇಷ್ಟು ವರ್ಷ ಪುಕ್ಕಟೆ ಕೇಳಿದ್ದೇನೆ. ಆ ಋಣ ನನ್ನ ಮೇಲಿದೆ.

ಕೊಡಾಕ್ ಕ್ಯಾಮೆರಾ ಕಂಪನಿಯ ಜಾರ್ಜ್ ಈಸ್ಟ್‌ಮನ್ ಕೂಡ ಬರೀ ಕೇಳುಗರು. ಅಮೆರಿಕದ ರೋಚೆಸ್ಟರ್ ಊರಿನ ತಮ್ಮ ಮನೆಯಲ್ಲಿ ದೊಡ್ಡ ಪೈಪ್ ಆರ್ಗನ್ ಇಡಿಸಿದ್ದರು. ಬೆಳಗಿನ ತಿಂಡಿಯ ಹೊತ್ತಿಗೆ ಒಬ್ಬ ವಾದಕರು ಬಂದು ಅದನ್ನು ನುಡಿಸಬೇಕು. ಆ ಮನುಷ್ಯ ತಮ್ಮ ಹಣದಿಂದ ರೋಚೆಸ್ಟರ್ ವಿಶ್ವವಿದ್ಯಾಲಯಕ್ಕೆ ಒಂದು ಸಂಗೀತ ಶಾಲೆ ಕಟ್ಟಿಕೊಟ್ಟರು. 1921ರಲ್ಲಿ ಶುರುವಾದದ್ದು, ಇವತ್ತಿಗೂ ನಡೆಯುತ್ತಿದೆ. ಅಲ್ಲಿನ ಒಂದು ಸಭಾಂಗಣಕ್ಕೆ ತಾಯಿಯ ತವರಿನ ಹೆಸರಿದೆ, ಕಿಲ್ಬರ್ನ್ ಹಾಲ್. ಆರ್ಗನ್ ಇದ್ದ ಆ ಮನೆಯೂ ಅವರ ಉಯಿಲಿನಂತೆ ವಿಶ್ವವಿದ್ಯಾಲಯಕ್ಕೇ ಹೋಯಿತು. ಒಳ್ಳೆಯ ಸಂಗೀತಗಾರರನ್ನು ದುಡ್ಡು ಕೊಟ್ಟು ಕರೆಸಬಹುದು, ಆದರೆ ಕೇಳುವ ಜನ ಊರಲ್ಲೇ ಬೆಳೆಯಬೇಕು ಎಂಬುದು ಅವರ ನಂಬಿಕೆ. ಅವರ ಸಂಪತ್ತೆಲ್ಲಿ, ನನ್ನ ಪಿಂಚಣಿಯೆಲ್ಲಿ! ಆದರೂ ಈ ನಂಬಿಕೆ ನನ್ನದೂ ಹೌದು.

ನಮ್ಮಲ್ಲಿ ವಿಶ್ವವಿದ್ಯಾಲಯಕ್ಕೆ ದತ್ತಿ ಅಂದರೆ ಮೊದಲು ನೆನಪಾಗುವುದು ಚಿನ್ನದ ಪದಕ. ಅಪ್ಪನ ಹೆಸರಲ್ಲಿ, ಅಮ್ಮನ ಹೆಸರಲ್ಲಿ. ಆ ಪ್ರೀತಿ ನನಗೆ ಅರ್ಥವಾಗುತ್ತದೆ. ನನ್ನ ಗೆಳೆಯನೊಬ್ಬ ತಾಯಿಯ ಹೆಸರಲ್ಲಿ ಒಂದು ಸಂಸ್ಥೆಗೆ 50,000 ರೂಪಾಯಿ ಕೊಟ್ಟಿದ್ದ. ದತ್ತಿಯಲ್ಲಿ ಮೂಲಧನ ಮುಟ್ಟುವಂತಿಲ್ಲ, ಬಡ್ಡಿ ಮಾತ್ರ ಖರ್ಚು. ಶೇ. 6.5 ಅಂತ ಹಿಡಿದರೂ ವರ್ಷಕ್ಕೆ 3,250 ರೂಪಾಯಿ. ಇವತ್ತು ಅದರಲ್ಲಿ ಒಂದು ಗ್ರಾಂ ಚಿನ್ನವೂ ಬರುವುದಿಲ್ಲ. ಪದಕ ನಿಂತುಹೋಯಿತು. ಅವನಿಗೆ ಒಂದು ಪತ್ರವೂ ಬರಲಿಲ್ಲ. ತಾಯಿಯ ಹೆಸರು ಹಾಗೆ ಸುಮ್ನೆ ಅಳಿಸಿಹೋಯಿತಲ್ಲ ಎಂದು ಅವನು ಅತ್ತದ್ದನ್ನು ನಾನು ನೋಡಿದ್ದೇನೆ.

ಇನ್ನೊಂದು ಮಾತು. ಪದಕ ಸಿಗುವುದು ಮೊದಲ ಸ್ಥಾನ ಬಂದವರಿಗೆ, ಅದೂ ಕಲಿತು ಮುಗಿಸಿದ ಮೇಲೆ. ಕಷ್ಟ ಇರುವುದು ಕಲಿಯುವಾಗ ಅಲ್ವಾ? ಹಳ್ಳಿಯಿಂದ ಬಂದ ಹುಡುಗಿಗೆ ಬೆಳಗಿನ ರಿಯಾಜಿಗೆ ಒಂದು ಜಾಗ ಬೇಕು. ತಬಲಾ ಸಾಥಿಗೆ ಒಬ್ಬರು ಬೇಕು, ಅವರಿಗೆ ಸಂಭಾವನೆ ಬೇಕು. ತಂಬೂರಿ ಬೇಕು. ಈಗ ಎಲ್ಲರೂ ಮೊಬೈಲಿನ ತಂಬೂರಿ ಹಚ್ಚಿಕೊಂಡು ಹಾಡುತ್ತಾರೆ. ತಪ್ಪಲ್ಲ. ಆದರೆ ನಾಲ್ಕು ತಂತಿ ತಾನೇ ಶ್ರುತಿ ಮಾಡಿದ ಕಿವಿಯೇ ಬೇರೆ. ಮಿರಜ್ ನಮಗೇನು ದೂರವೇ? ತಂಬೂರಿ ಮಾಡುವ ಮನೆತನಗಳು ಅಲ್ಲಿ ಇನ್ನೂ ಇವೆ. 2024ರಲ್ಲಿ ಆ ಊರಿನ ಸಿತಾರ್, ತಂಬೂರಿಗಳಿಗೆ ಜಿಐ, ಅಂದರೆ ಆ ಊರಿನದೇ ವಿಶೇಷ ಎಂಬ ಭೌಗೋಳಿಕ ಗುರುತಿನ, ಮಾನ್ಯತೆಯೂ ಸಿಕ್ಕಿತು. ತಂಬೂರಿ ಕೊಂಡರೆ ಮುಗಿಯಲಿಲ್ಲ. ತಂತಿ ಬದಲಿಸಬೇಕು, ಜವಾರಿ, ಅಂದರೆ ತಂತಿಗಳಿಗೆ ಝೇಂಕಾರ ಕೊಡುವ ಪಟ್ಟಿಯ ಹದ, ಸರಿಮಾಡಿಸಬೇಕು. ಇಂಥ ಖರ್ಚಿಗೆ ಯಾರೂ ದತ್ತಿ ಇಡುವುದಿಲ್ಲ.

ಅದಕ್ಕೇ ನನ್ನ ಲೆಕ್ಕ ಹೀಗೆ. 10 ಲಕ್ಷಕ್ಕೆ ವರ್ಷಕ್ಕೆ ಸುಮಾರು 65,000 ಬಡ್ಡಿ. ಅದರ ಹತ್ತನೇ ಒಂದು ಭಾಗ, ಅಂದರೆ 6,500, ಮತ್ತೆ ಮೂಲಧನಕ್ಕೆ ಸೇರಬೇಕು. ಇಲ್ಲದಿದ್ದರೆ ಗೆಳೆಯನ ಪದಕದ ಗತಿಯೇ ಇದಕ್ಕೂ. ಉಳಿದದ್ದು ವಾದ್ಯಗಳ ದುರಸ್ತಿಗೆ, ಸಾಥಿಯವರ ಸಂಭಾವನೆಗೆ, ಹಾಸ್ಟೆಲ್ ಫೀ ಕಟ್ಟಲಾಗದ ಒಬ್ಬರಿಗೆ.

ವಕೀಲರಿಂದ ತಿಳಿದ ಕೆಲವು ಸಂಗತಿ ನಿಮಗೂ ಬೇಕಾಗಬಹುದು. ಉಯಿಲಿಗೆ ಸ್ಟಾಂಪ್ ಪೇಪರ್ ಬೇಕಿಲ್ಲ. ಇಬ್ಬರು ಸಾಕ್ಷಿಗಳು ಬೇಕೇ ಬೇಕು. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಒಳ್ಳೆಯದು. ಠೇವಣಿಗೆ ನಾಮಿನಿ ಹಾಕಿದರೆ ಸಾಕು ಅಂತ ನಾನು ತಿಳಿದಿದ್ದೆ, ಅದು ತಪ್ಪು. ನಾಮಿನಿ ಹಣ ಪಡೆದು ವಾರಸುದಾರರಿಗೆ ಮುಟ್ಟಿಸುವವರು ಮಾತ್ರ. ಎಲ್ಲಕ್ಕಿಂತ ಮುಖ್ಯ, ಬದುಕಿದ್ದಾಗಲೇ ಸಂಸ್ಥೆಯವರ ಜೊತೆ ಕುಳಿತು ಷರತ್ತು ಮಾತಾಡಿಕೊಳ್ಳಿ. ಆಮೇಲೆ ನಮ್ಮನ್ನು ಕೇಳಲು ಆಗುವುದಿಲ್ಲವಲ್ಲ.

ಒಂದು ಸಾಲಿನ ಬಗ್ಗೆ ಮಾತ್ರ ಇನ್ನೂ ಯೋಚಿಸುತ್ತಿದ್ದೇನೆ. ಬಡ್ಡಿ ಹಣದಲ್ಲಿ ಕೊಂಡ ತಂಬೂರಿಗಳನ್ನು ಬೀರುವಿನಲ್ಲಿಟ್ಟು ಬೀಗ ಹಾಕಬಾರದು, ಬೆಳಿಗ್ಗೆ ಯಾವ ವಿದ್ಯಾರ್ಥಿ ಬಂದರೂ ಕೈಗೆ ಸಿಗಬೇಕು. ಇದನ್ನು ದತ್ತಿ ಪತ್ರದಲ್ಲಿ ಹೇಗೆ ಬರೆಸುವುದು? ನಿಮ್ಮಲ್ಲಿ ಯಾರಾದರೂ ಇಂಥ ಷರತ್ತು ಹಾಕಿಸಿದ್ದರೆ ದಯವಿಟ್ಟು ತಿಳಿಸಿ. ಕರಡು ಇನ್ನೂ ವಕೀಲರ ಹತ್ತಿರವೇ ಇದೆ.