ಮುಂದಿನ ಸಲ ಮೈಸೂರಿಗೆ ಹೋದಾಗ ಅರಮನೆ ಬಿಡಿ, ಅಕ್ಕತಂಗಿಯರ ಮನೆ ನೋಡಿ

ಬೆಂಗಳೂರಿನಿಂದ ಮೈಸೂರಿಗೆ ಬೆಳಿಗ್ಗೆ ಹೋಗಿ ರಾತ್ರಿ ವಾಪಸ್ ಬರುವವರ ಪಟ್ಟಿ ಎಲ್ಲರಿಗೂ ಬಾಯಿಪಾಠ. ಅರಮನೆ, ಝೂ, ಬೆಟ್ಟ, ಸಂಜೆ ಕೆಆರ್‌ಎಸ್. ಮಧ್ಯೆ ಒಂದು ಮಸಾಲೆ ದೋಸೆ, ಕಾಲು ಕೆಜಿ ಮೈಸೂರು ಪಾಕ್. ನನ್ನದೇನೂ ತಕರಾರಿಲ್ಲ. ಆದರೆ ದೊಡ್ಡ ಅರಮನೆಯನ್ನು ಆಗಲೇ ನೋಡಿದವರಿಗೆ ಒಂದು ಮಾತು. ಈ ಸಲ ಅದನ್ನು ಬಿಡಿ. ನಾಲ್ವಡಿ ಕೃಷ್ಣರಾಜ ಒಡೆಯರ ಮೂವರು ಒಡಹುಟ್ಟಿದವರಿಗೆ ಕಟ್ಟಿಸಿದ ಮೂರು ಮನೆಗಳನ್ನು ಸುತ್ತಿ ಬನ್ನಿ. ಜಯಲಕ್ಷ್ಮಮ್ಮಣ್ಣಿ, ಕೃಷ್ಣಾಜಮ್ಮಣ್ಣಿ, ಚೆಲುವಾಜಮ್ಮಣ್ಣಿ. ನಾಲ್ವಡಿಯವರ ಹೆಸರು ಹೇಳಿದರೆ ಕೈಮುಗಿಯುವ ನಮ್ಮಲ್ಲಿ ಎಷ್ಟು ಜನಕ್ಕೆ ಈ ಮೂರು ಹೆಸರು ಗೊತ್ತು ಹೇಳಿ?

ಅಪ್ಪ ಹತ್ತನೇ ಚಾಮರಾಜ ಒಡೆಯರು 1894ರಲ್ಲಿ ಕಲ್ಕತ್ತಾದಲ್ಲಿ ತೀರಿಕೊಂಡಾಗ ಮಕ್ಕಳೆಲ್ಲ ಚಿಕ್ಕವರು. ನಾಲ್ವಡಿಯವರಿಗೇ ಹತ್ತು ವರ್ಷ. ಅಮ್ಮ ವಾಣಿವಿಲಾಸ ಸನ್ನಿಧಾನದವರು 1902ರ ತನಕ ಮಗನ ಪರವಾಗಿ ರಾಜ್ಯಭಾರ ಮಾಡಿದರು. ಹೆಣ್ಣುಮಕ್ಕಳ ಮದುವೆಯನ್ನೂ ನೋಡಿಕೊಳ್ಳಬೇಕಿತ್ತು.

ದೊಡ್ಡ ಮಗಳು ಜಯಲಕ್ಷ್ಮಮ್ಮಣ್ಣಿಯ ಮದುವೆ ಆಗಿದ್ದು 1897ರಲ್ಲಿ. ವರ ಎಂ. ಕಾಂತರಾಜ ಅರಸು, ಅಂದರೆ ಅಮ್ಮನ ಸ್ವಂತ ತಮ್ಮ. ಸೋದರಮಾವನಿಗೇ ಹೆಣ್ಣು ಕೊಡುವುದು ನಮ್ಮ ಕಡೆ ಹೊಸದಲ್ಲ ಬಿಡಿ. ಮುಂದೆ ವಿಶ್ವೇಶ್ವರಯ್ಯನವರ ನಂತರ ಮೈಸೂರಿನ ದಿವಾನರಾದವರು ಇವರೇ. ಮದುವೆ ಸಡಗರ ನಡೆಯುತ್ತಿದ್ದಾಗಲೇ ಹಳೆಯ ಮರದ ಅರಮನೆಗೆ ಬೆಂಕಿ ಬಿತ್ತು. ರಾಜಮನೆತನದವರು ಜಗನ್ಮೋಹನ ಅರಮನೆಗೆ ಹೋದರು. ಇವತ್ತು ನಾವು ಕ್ಯೂ ನಿಂತು ನೋಡುವ ಅರಮನೆ, ಹೆನ್ರಿ ಇರ್ವಿನ್ ಕಟ್ಟಿದ್ದು, ಮುಗಿದಿದ್ದು 1912ರಲ್ಲಿ. ಖರ್ಚು 41 ಲಕ್ಷಕ್ಕೂ ಜಾಸ್ತಿ.

ಮದುಮಗಳಿಗೆ ತನ್ನದೇ ಮನೆ ಬಂದಿದ್ದು ಅದಕ್ಕೂ ಮೊದಲು, 1905ರಲ್ಲಿ. ಅದೇ ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿ ಕ್ಯಾಂಪಸ್‌ನ ಜಯಲಕ್ಷ್ಮಿ ವಿಲಾಸ. ಕುಕ್ಕರಹಳ್ಳಿ ಕೆರೆಯ ಪಕ್ಕದ ದಿಣ್ಣೆ ಮೇಲೆ. ಮುಂದುಗಡೆ ಯುರೋಪಿನ ಕಂಬಗಳು, ಒಳಗೆ ಅಪ್ಪಟ ನಮ್ಮ ತೊಟ್ಟಿಗಳು, ಅಂದರೆ ಒಳಾಂಗಳಗಳು. ಕಲ್ಯಾಣ ತೊಟ್ಟಿ, ಕನ್ನಡಿ ತೊಟ್ಟಿ, ಖಾಸ್ ತೊಟ್ಟಿ. ಕೆಲವು ವರ್ಷಗಳ ಹಿಂದೆ, ವಸ್ತುಸಂಗ್ರಹಾಲಯ ತೆರೆದಿದ್ದಾಗ, ಚಿಕ್ಕಮ್ಮನನ್ನು ಕರೆದುಕೊಂಡು ಹೋಗಿದ್ದೆ. ಕೆತ್ತನೆಯ ಬಾಗಿಲುಗಳು ಒಂದರ ಹಿಂದೆ ಒಂದು ಬರುತ್ತಲೇ ಇದ್ದವು. ಚಿಕ್ಕಮ್ಮ ಒಂದು ಬಾಗಿಲಿನ ಅಗುಳಿ ಮುಟ್ಟಿ ನೋಡಿ, "ಸಂಜೆಯಾದರೆ ಇಷ್ಟೂ ಬಾಗಿಲು ಹಾಕೋರು ಯಾರೋ? ಬೆಳಿಗ್ಗೆ ತೆಗೆಯೋರು ಯಾರೋ?" ಅಂದರು. ಗೈಡ್‌ಗಳು ಕಂಬದ ಶೈಲಿ ಹೇಳುತ್ತಾರೆಯೇ ಹೊರತು ಇದನ್ನು ಹೇಳುವುದಿಲ್ಲ.

ಮನೆಯೊಳಗೆ ಇರುವುದು ಜಾನಪದ ವಸ್ತುಸಂಗ್ರಹಾಲಯ. ಜಾನಪದ ವಿದ್ವಾಂಸ ಜೀಶಂಪ, ಕಲಾವಿದ ಪಿ.ಆರ್. ತಿಪ್ಪೇಸ್ವಾಮಿ ಅಂಥವರು ಊರೂರು ತಿರುಗಿ ಒಟ್ಟು ಮಾಡಿದ ಸಾಮಾನು. ತೊಗಲುಬೊಂಬೆ, ಸೋಮನ ಮುಖ, ಬೇಸಾಯದ ಉಪಕರಣ, ಅಡುಗೆಮನೆಯ ಪಾತ್ರೆ. ರಾಜಕುಮಾರಿಯ ಹಜಾರದಲ್ಲಿ ರೈತರ ಮನೆ ಅಟ್ಟದ ಸಾಮಾನು! ನನಗೆ ಇದು ದೊಡ್ಡ ಅರಮನೆಯ ಚಿನ್ನದ ಅಂಬಾರಿಗಿಂತ ಇಷ್ಟ. ಆದರೆ ಮರ, ಗಾರೆಯ ಮನೆ ಸುಮ್ನೆ ನಿಲ್ಲುವುದಿಲ್ಲ. ಎರಡು ದಶಕದ ಹಿಂದೆ ಇನ್ಫೋಸಿಸ್ ಫೌಂಡೇಶನ್ ನೆರವಿನಿಂದ ಒಂದು ಸುತ್ತು ದುರಸ್ತಿ ಆಯಿತು. ಈಚೆಗೆ ಅಮೆರಿಕದ ನೆರವಿನಲ್ಲಿ ಮತ್ತೆ ಕೆಲಸ. ಇಷ್ಟು ಹೊತ್ತಿಗೆ ಸೋರುವ ಸೂರಿಗೆ ವರ್ಷ ವರ್ಷವೂ ಒಂದಿಷ್ಟು ದುಡ್ಡು ಎತ್ತಿಡುವ ಏರ್ಪಾಡು ನಮ್ಮಲ್ಲೇ ಇರಬೇಕಿತ್ತು ಅಲ್ವಾ?

ಎರಡನೆಯವರು ಕೃಷ್ಣಾಜಮ್ಮಣ್ಣಿ. ಅವರ ಕಾರಂಜಿ ಬಂಗಲೆ ನಜರ್‌ಬಾದ್ ಕಡೆ ಇದೆ. ಬಹಳ ವರ್ಷಗಳಿಂದ ಅಂಚೆ ಇಲಾಖೆಯ ತರಬೇತಿ ಕೇಂದ್ರ. ಈ ಮನೆಯ ಕತೆ ಮನಸ್ಸಿಗೆ ಭಾರ. ಕ್ಷಯರೋಗ ಅವರನ್ನೂ ಅವರ ಹೆಣ್ಣುಮಕ್ಕಳನ್ನೂ ತೆಗೆದುಕೊಂಡುಹೋಯಿತು. ಅವರ ನೆನಪಿಗೆ ನಾಲ್ವಡಿಯವರು ಕಟ್ಟಿಸಿದ ಆಸ್ಪತ್ರೆಯೇ ಕೆಆರ್‌ಎಸ್ ರಸ್ತೆಯ ಪಿಕೆಟಿಬಿ. ಅದರ ಮೊದಲ ಎರಡು ಅಕ್ಷರ 'ಪ್ರಿನ್ಸೆಸ್ ಕೃಷ್ಣಾಜಮ್ಮಣ್ಣಿ'. ಬಸ್ ಸ್ಟಾಪಿನ ಹೆಸರಾಗಿ ದಿನಾ ಕೂಗಿ ಕರೆಯುತ್ತೇವೆ, ಯಾರು ಅಂತ ಕೇಳುವುದಿಲ್ಲ.

ಕಿರಿಯವರು ಚೆಲುವಾಜಮ್ಮಣ್ಣಿ. ಅವರ ಮನೆ ಈಗ ಸಿಎಫ್‌ಟಿಆರ್‌ಐ, ಅಂದರೆ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ. 1950ರಲ್ಲಿ ಸಂಸ್ಥೆ ಶುರುವಾಗಿದ್ದೇ ಆ ಮನೆಯಲ್ಲಿ. ಎಮ್ಮೆ ಹಾಲಿನಿಂದ ಮಕ್ಕಳ ಆಹಾರದ ಪುಡಿ ಮಾಡುವ ವಿಧಾನ ಕಂಡುಹಿಡಿದವರು ಇಲ್ಲಿಯವರೇ. ರಾಜಕುಮಾರಿಯ ಮನೆಯಲ್ಲಿ ಹುಟ್ಟಿದ ವಿದ್ಯೆ ದೇಶದ ಕೂಸುಗಳ ಹಾಲಿನ ಬಟ್ಟಲಿಗೆ ಬಂತು. ಮೂರರಲ್ಲಿ ಚೆನ್ನಾಗಿ ಬದುಕಿದ ಮನೆ ಯಾವುದು ಅಂದರೆ ನಾನು ಇದನ್ನೇ ಹೇಳುತ್ತೇನೆ.

ಲಲಿತ ಮಹಲ್ ಬಿಟ್ಟೆ ಅಂತ ಬೈಯಬೇಡಿ. ಅದು ವೈಸರಾಯ್‌ಗೆ ಅಂತ 1921ರಲ್ಲಿ ಶುರು ಮಾಡಿದ ಅತಿಥಿಗೃಹ, 1974ರಿಂದ ಹೋಟೆಲು. ಲಂಡನ್ನಿನ ಸೇಂಟ್ ಪಾಲ್ ಚರ್ಚಿನ ಗುಮ್ಮಟದ ಮಾದರಿ. ಫೋಟೋಗೆ ಸೊಗಸು, ಆದರೆ ಅಲ್ಲಿ ಸಂಸಾರ ನಡೆದಿಲ್ಲ.

ತೊಡಕು ಏನೆಂದರೆ ಈ ಮೂರೂ ಈಗ ಕೆಲಸದ ಜಾಗಗಳು. ವಸ್ತುಸಂಗ್ರಹಾಲಯ ಒಂದನ್ನು ಬಿಟ್ಟರೆ ಪ್ರವಾಸಿಗಳಿಗೆ ಅಂತ ಇಟ್ಟಿದ್ದಲ್ಲ. ಪ್ರಯೋಗಾಲಯ ಇರುವ ಕಡೆ ಕಂಡಕಂಡವರನ್ನು ಬಿಡಿ ಅಂತ ಯಾರೂ ಕೇಳುವುದಿಲ್ಲ. ನಾನು ಕೇಳುವುದು ಇಷ್ಟೇ. ತಿಂಗಳಿಗೆ ಒಂದು ಭಾನುವಾರ, ಬೆಳಿಗ್ಗೆ ಮೂರು ಗಂಟೆ ಹೊತ್ತು, ತೋಟ ಮತ್ತು ಮುಂಭಾಗ ಮಾತ್ರ ಜನರಿಗೆ ಬಿಡಲಿ. ಹತ್ತಿಪ್ಪತ್ತು ಜನರ ಗುಂಪು, ಮೊದಲೇ ಹೆಸರು ಬರೆಸಿಕೊಂಡು. ಕತೆ ಹೇಳುವುದಕ್ಕೆ ಇತಿಹಾಸ ವಿಭಾಗದ ವಿದ್ಯಾರ್ಥಿಗಳಿದ್ದಾರೆ, ಕೈಗೆ ನಾಲ್ಕು ಕಾಸೂ ಆಗುತ್ತದೆ. ಗೇಟಿನ ಹತ್ತಿರ ಕನ್ನಡದಲ್ಲಿ ಒಂದು ಬೋರ್ಡು: ಈ ಮನೆ ಯಾರದ್ದು, ಅವರು ಏನಾದರು.

ಮೈಸೂರಿನ ಗೆಳೆಯರೇ, ಈ ಕ್ಯಾಂಪಸ್‌ಗಳಲ್ಲಿ ಕೆಲಸ ಮಾಡುವವರು ನಿಮ್ಮಲ್ಲಿ ಇದ್ದೀರಿ ಅಂತ ಗೊತ್ತು. ಇಂಥದ್ದಕ್ಕೆ ಅರ್ಜಿ ಯಾರಿಗೆ ಬರೆಯಬೇಕು ಅಂತ ತಿಳಿಸಿ. ಕರಡು ನಾನೇ ಮಾಡುತ್ತೇನೆ, ಸಹಿ ಹಾಕಲು ನೀವು ಬನ್ನಿ.