ಅಶೆರ್ ಯತ್ಸರ್ ಮತ್ತು ಒಂದನೇ ಕ್ಲಾಸಿನ ಹುಡುಗಿ

ಕಕ್ಕಸಿಗೆ ಹೋಗಿ ಬಂದು ಕೈ ತೊಳೆದ ಮೇಲೆ ಹೇಳುವುದಕ್ಕೂ ಯಹೂದಿಗಳಲ್ಲಿ ಒಂದು ಪ್ರಾರ್ಥನೆ ಇದೆ. ಹೆಸರು ‘ಅಶೆರ್ ಯತ್ಸರ್’. ದೇವರೇ, ಈ ದೇಹದಲ್ಲಿ ಎಷ್ಟೋ ರಂಧ್ರ, ಎಷ್ಟೋ ನಾಳ ಇಟ್ಟಿದ್ದೀಯ, ಅದರಲ್ಲೊಂದು ತೆರೆದುಕೊಂಡರೂ, ಒಂದು ಮುಚ್ಚಿಕೊಂಡರೂ ನಿನ್ನೆದುರು ನಿಲ್ಲಲು ಆಗುವುದಿಲ್ಲ ಅನ್ನುವುದು ಅದರ ಸಾರ. ಯಹೂದಿಗಳ ಹಳೆಯ ಧರ್ಮಗ್ರಂಥ ತಾಲ್ಮುದ್‌ನಿಂದ ಬಂದದ್ದು.

ನಾನು ಇಸ್ರೇಲಿನಲ್ಲಿ ಹೋಮ್‌ನರ್ಸ್. ನೋಡಿಕೊಳ್ಳುವ ಅಜ್ಜಿಯನ್ನು ಮನೆಯವರ ಹಾಗೆ ನಾನೂ ‘ಸವ್ತಾ’ ಅನ್ನುತ್ತೇನೆ. ಹೀಬ್ರೂವಿನಲ್ಲಿ ಅಜ್ಜಿ ಅಂತಲೇ ಅರ್ಥ. ಮೊಮ್ಮಗಳು ಒಂದನೇ ಕ್ಲಾಸು. ಇಲ್ಲಿಯ ಧಾರ್ಮಿಕ ಶಾಲೆಗಳಲ್ಲಿ ಓದು ಕಲಿತ ಮಕ್ಕಳಿಗೆ ಹಬ್ಬದ ಹಾಗೆ ಸಮಾರಂಭ ಮಾಡಿ ‘ಸಿದ್ದುರ್’, ಅಂದರೆ ಪ್ರಾರ್ಥನೆಯ ಪುಸ್ತಕ ಕೊಡುತ್ತಾರೆ. ಇವಳಿಗೂ ಸಿಕ್ಕಿತ್ತು. ಎದ್ದ ಕೂಡಲೇ ಹೇಳುವ ‘ಮೋದಾ ಅನಿ’ ಒಂದೇ ಉಸಿರಿಗೆ ಮುಗಿಯುತ್ತಿತ್ತು. ಅಶೆರ್ ಯತ್ಸರ್ ಬಂತೆಂದರೆ ಕಿಸಿಕಿಸಿ ನಗು. ತಾಯಿ ಗದರಿದರು, ಕೂರಿಸಿಕೊಂಡು ಅರ್ಥವನ್ನೂ ಹೇಳಿದರು. ಮಗು ತಲೆಯಾಡಿಸಿತು, ಮತ್ತೆ ನಕ್ಕಿತು.

ಆಮೇಲೆ ಸವ್ತಾ ಬಿದ್ದು ಸೊಂಟದ ಆಪರೇಷನ್ ಆಯಿತು. ಮನೆಗೆ ಬಂದಾಗಲೂ ಮೂತ್ರ ಹೋಗಲು ಹಾಕಿದ ನಳಿಕೆ, ಕ್ಯಾತಿಟರ್, ಇತ್ತು. ಅದನ್ನು ತೆಗೆದ ದಿನ ಮಧ್ಯಾಹ್ನ ಕಳೆದರೂ ಮೂತ್ರ ಬರಲಿಲ್ಲ. ನನಗೆ ಕೈಕಾಲೇ ಆಡಲಿಲ್ಲ. ಮೂರು ಗಂಟೆಗೆ ಬಂತು. ವಾಕರ್ ಹಿಡಿಸಿ ಸಿಂಕಿನ ಹತ್ತಿರ ನಿಲ್ಲಿಸಿದೆ. ಕೈ ತೊಳೆದು ಒಂದೊಂದೇ ಪದ ಹೇಳಿದರು. ‘ಮುಚ್ಚಿಕೊಂಡರೂ’ ಅನ್ನುವಲ್ಲಿ ಗಂಟಲು ಕಟ್ಟಿತು. ಸ್ಕೂಲ್ ಬ್ಯಾಗನ್ನೂ ಇಳಿಸದೆ ಬಾಗಿಲಲ್ಲಿ ನಿಂತಿದ್ದ ಮೊಮ್ಮಗಳು ಕೊನೆಗೆ ‘ಆಮೆನ್’ ಅಂದಳು. ನಗಲಿಲ್ಲ.

ರಾತ್ರಿ ಕೇಳಿದಳು: “ಸವ್ತಾ, ನಿನಗೆ ಆಗಿದ್ದನ್ನೇ ಅದರಲ್ಲಿ ಬರೆದಿದ್ದಾರಾ?”

“ನಿನಗೆ ಯಾವತ್ತಾದರೂ ಏನಾದರೂ ಮುಚ್ಚಿಕೊಂಡಿತ್ತಾ?” ಅಂದರು ಸವ್ತಾ. ಅಷ್ಟೇ, ಪಾಠ ಮಾಡಲಿಲ್ಲ.

ಮಗು ತುಂಬ ಹೊತ್ತು ಯೋಚಿಸಿತು. “ಮೂಗು. ಶೀತ ಆದಾಗ.”

ನನ್ನ ಅಮ್ಮ ದಿನಾ ಬೆಳಿಗ್ಗೆ ಅಂಗೈ ನೋಡಿಸಿ ‘ಕರಾಗ್ರೇ ವಸತೇ ಲಕ್ಷ್ಮೀ’ ಹೇಳಿಸುತ್ತಿದ್ದರು. ಆ ಕೈಯಿಂದ ಇವತ್ತು ಏನು ಮಾಡ್ತೀಯ ಮಗಳೇ ಅಂತ ಒಂದು ದಿನವಾದರೂ ಯಾರಾದರೂ ಕೇಳಿದ್ದರೆ ಅಂತ ಆ ರಾತ್ರಿ ಅನ್ನಿಸಿತು.

ಅರ್ಥ ಬಿಡಿಸಿ ಹೇಳಿದರೆ ನಮ್ಮ ಕೆಲಸ ಮುಗಿಯಿತು ಅಂದುಕೊಳ್ಳುತ್ತೇವೆ. ಆ ಅರ್ಥ ದೊಡ್ಡವರದು. ಮೂಗು ಮಾತ್ರ ಆ ಮಗುವಿನದೇ. ಹಾಗಂತ ಅರ್ಥವಾಗುವ ತನಕ ಬಾಯಿಪಾಠವೇ ಬೇಡ ಅನ್ನುವವರ ಮಾತನ್ನೂ ನಾನು ಒಪ್ಪುವುದಿಲ್ಲ. ಪದಗಳು ಮೊದಲೇ ಬಾಯಲ್ಲಿ ಇದ್ದುದರಿಂದಲೇ ಅವತ್ತು ಬಾಗಿಲಲ್ಲಿ ನಿಂತ ಮಗುವಿಗೆ ಗುರುತು ಸಿಕ್ಕಿತು. ಪ್ರಾರ್ಥನೆಯನ್ನು ದಿನದ ಕಟ್ಟಳೆಯಾಗಿ ಮಾಡಿಕೊಂಡರೆ ಅದು ಬೇಡಿಕೊಂಡ ಹಾಗೆಯೇ ಅಲ್ಲ ಅಂತ ರಬ್ಬಿ (ಧರ್ಮಗುರು) ಎಲಿಯೇಜರ್ ಹೇಳಿದ್ದು ತಾಲ್ಮುದ್‌ಗೆ ಮೂಲವಾದ ಮಿಶ್ನಾದಲ್ಲಿದೆ. ಅದೇ ಪರಂಪರೆ ದಿನಕ್ಕೆ ಮೂರು ಹೊತ್ತು ಗೊತ್ತಾದ ಪದಗಳನ್ನೇ ಹೇಳಿಸುತ್ತದೆ, ನಡುವೆ ಸ್ವಂತ ಮಾತು ಸೇರಿಸಲು ಜಾಗವನ್ನೂ ಬಿಡುತ್ತದೆ. ಆ ಜಾಗವನ್ನು ಮಕ್ಕಳಿಗೆ ತೋರಿಸಿ, ಆಮೇಲೆ ಸುಮ್ಮನಿರಿ ಅಂತ ಕೈಮುಗಿದು ಕೇಳುತ್ತೇನೆ.

ಅವಳು ಮೋದಾ ಅನಿಯನ್ನು ಈಗಲೂ ಒಂದೇ ಉಸಿರಿಗೆ ಹೇಳುತ್ತಾಳೆ. ಅಶೆರ್ ಯತ್ಸರ್‌ನಲ್ಲಿ ಮಾತ್ರ ಆ ಪದ ಬಂದಾಗ ನಿಂತು, ಮೂಗಿನಿಂದ ಒಮ್ಮೆ ಉಸಿರೆಳೆದುಕೊಂಡು ಮುಂದೆ ಹೋಗುತ್ತಾಳೆ.